ಸರದಿಯಲ್ಲಿ ಕಾಯುವಾಗ ಉತ್ತಮ ಕ್ಷಮೆ

ಉಪವಾಸದ ದಿನ ಆಹಾರವನ್ನು ತ್ಯಜಿಸಿದಂತೆ ವಿಷಯ ಕಷಾಯಗಳನ್ನೂ ತ್ಯಜಿಸಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ಮಾತು. ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಲೆಯಲ್ಲಿಯೂ, ನಿವೃತ್ತನಾದ ಮೇಲೆ ಬಸದಿಯ ಪಾಠಶಾಲೆಯಲ್ಲಿಯೂ ನಾನು ಇದನ್ನು ಹೇಳಿಕೊಟ್ಟವನು. ಹೇಳಿಕೊಟ್ಟ ಪಾಠವನ್ನು ಸ್ವತಃ ಎಷ್ಟು ಕಲಿತಿದ್ದೆನೆಂಬುದು ಕಳೆದ ದಶಲಕ್ಷಣ ಪರ್ವದ ಮೊದಲನೆಯ ದಿನ, ಭಾದ್ರಪದ ಶುಕ್ಲ ಪಂಚಮಿಯಂದು, ಉತ್ತಮ ಕ್ಷಮೆಯ ದಿನವೇ ತಿಳಿದುಬಂದಿತು.

ನನ್ನ ಧರ್ಮಪತ್ನಿಗೆ ಮಂಡಿನೋವಿನ ಕಾರಣ ಬಸದಿಯ ಮೆಟ್ಟಿಲು ಹತ್ತಲಾಗುವುದಿಲ್ಲ. ಪರ್ವದ ದಿನಗಳಲ್ಲಿ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಮುನಿಗಳ ಪ್ರವಚನವನ್ನು ಕೇಳುವುದು ಅವಳ ನಿಯಮ. ಆ ದಿನ ಬೆಳಗಿನಿಂದಲೇ ಪರದೆ ಬರಿದಾಗಿತ್ತು. ತಿಂಗಳ ಹಣ ಸಂದಾಯವಾಗಿತ್ತು. ಮಧ್ಯಾಹ್ನ ಕೇಬಲ್ ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಗೆ ದೂರವಾಣಿ ಮಾಡಿದೆನು. ಕನ್ನಡಕ್ಕೆ ಒಂದನ್ನು ಒತ್ತಿ, ದೂರಿಗೆ ಮೂರನ್ನು ಒತ್ತಿ ಎಂಬ ವಿಧಿಗಳೆಲ್ಲ ಮುಗಿದ ಮೇಲೆ ಸಂಗೀತವು ಪ್ರಾರಂಭವಾಯಿತು. ನಡುನಡುವೆ, ನಿಮ್ಮ ಕರೆ ನಮಗೆ ಅಮೂಲ್ಯವಾದುದು, ದಯವಿಟ್ಟು ಕಾಯಿರಿ ಎಂಬ ಮುದ್ರಿತ ಧ್ವನಿ. ಎರಡು ಸಲ ಕರೆ ತಾನಾಗಿಯೇ ಕಡಿಯಿತು. ಮೂರನೆಯ ಸಲ ಒಬ್ಬ ಹುಡುಗಿ ಮಾತನಾಡಿದಾಗ ಗಡಿಯಾರವನ್ನು ನೋಡಿದೆನು. ಒಟ್ಟು 48 ನಿಮಿಷಗಳು ಕಳೆದಿದ್ದವು.

ಅವಳು ದೂರನ್ನು ಬರೆದುಕೊಂಡು, "ನಾಳೆಯೊಳಗೆ ನಮ್ಮವರು ಬರುತ್ತಾರೆ ಸರ್" ಎಂದಳು. ನಾನು, "ಕೆಲಸ ಮಾಡುವ ಯೋಗ್ಯತೆ ಇಲ್ಲದಿದ್ದರೆ ಮನೆಯಲ್ಲಿ ಕುಳಿತುಕೊಳ್ಳಬಾರದೇ? ನಿಮ್ಮಂಥವರಿಗೆ ಸಂಬಳ ಕೊಡುವವರಾದರೂ ಯಾರು?" ಎಂದುಬಿಟ್ಟೆನು. ಕ್ಷಣಕಾಲ ಆ ಕಡೆಯಿಂದ ಸದ್ದಿಲ್ಲ. ಬಳಿಕ, "ಕ್ಷಮಿಸಿ ಸರ್" ಎಂಬ ಮಾತು ಬಂದಿತು. ಆ ದಿನ ನಮ್ಮಿಬ್ಬರ ಸಂಭಾಷಣೆಯಲ್ಲಿ ಕ್ಷಮೆಯ ಹೆಸರನ್ನೆತ್ತಿದವಳು ಅವಳು, ನಾನಲ್ಲ. ಪಕ್ಕದಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ನನ್ನ ಪತ್ನಿ, "ನಿಮ್ಮದು ಉಪವಾಸ, ಬೇಕೆಂದೇ ಮಾಡಿದ್ದು. ಆ ಹುಡುಗಿಗೆ ಊಟ ಆಗಿತ್ತೋ ಇಲ್ಲವೋ" ಎಂದಳು. ಅಷ್ಟೇ ಹೇಳಿ ಮತ್ತೆ ಜಪಕ್ಕೆ ತೊಡಗಿದಳು.

ಈ ಪ್ರಸಂಗವನ್ನು ವಿಚಾರ ಮಾಡುವಾಗ ಮೊದಲು ನನ್ನ ಗಮನಕ್ಕೆ ಬಂದುದು ಕಾಲದ ಪ್ರಮಾಣ. 48 ನಿಮಿಷಗಳೆಂದರೆ ಎರಡು ಘಳಿಗೆ, ಒಂದು ಮುಹೂರ್ತ. ಪ್ರತಿದಿನ ಸಾಮಾಯಿಕಕ್ಕೆ ನಾನು ಕುಳಿತುಕೊಳ್ಳುವುದೂ ಅಷ್ಟೇ ಕಾಲ. ಅಲ್ಲಿ ಆ ಕಾಲ ಭಾರವೆನಿಸುವುದಿಲ್ಲ, ಇಲ್ಲಿ ಉರಿಯಾಯಿತು. ಆದುದರಿಂದ ನನ್ನನ್ನು ನೋಯಿಸಿದುದು ಕಾಲವಲ್ಲ. ನನ್ನಂಥ ಹಿರಿಯನನ್ನು, ಹಣ ತೆತ್ತವನನ್ನು, ಕಾಯಿಸುವರೇ ಎಂಬ ಭಾವವೇ ನೋಯಿಸಿದುದು. ಕ್ರೋಧದ ವೇಷ ಧರಿಸಿ ಒಳಗಿನಿಂದ ಹೊರಬಂದುದು ಮಾನ ಕಷಾಯ.

ಹಾಗಾದರೆ ತಪ್ಪೆಲ್ಲ ನನ್ನದೇ, ಕಂಪನಿಯದು ಏನೂ ಇಲ್ಲವೇ ಎಂದು ವಾಚಕರು ಕೇಳಬಹುದು. ಹಾಗೆ ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಕೋಪನ್‌ಹೇಗನ್ ನಗರದ ದೂರವಾಣಿ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞನು 1909 ಮತ್ತು 1917ರಲ್ಲಿ ಬರೆದ ಲೇಖನಗಳಿಂದ, ಇಷ್ಟು ಕರೆಗಳಿಗೆ ಇಷ್ಟು ಜನರಿದ್ದರೆ ಕಾಯುವಿಕೆ ಎಷ್ಟೆಂದು ಮೊದಲೇ ಲೆಕ್ಕ ಹಾಕುವ ಮಾರ್ಗವು ದೊರೆಯಿತು. ಉತ್ತರಿಸುವವನು ಒಬ್ಬನೇ, ಪ್ರತಿ ಕರೆಗೂ ಸರಾಸರಿ 5 ನಿಮಿಷ ಬೇಕು ಎಂದಿಟ್ಟುಕೊಳ್ಳೋಣ. ಕರೆಗಳು ಹೊತ್ತುಗೊತ್ತಿಲ್ಲದೆ ಬರುತ್ತಿದ್ದು, ಅವನ ವೇಳೆಯಲ್ಲಿ ನೂರಕ್ಕೆ 80 ಪಾಲು ಕೆಲಸ ತುಂಬಿದ್ದರೆ ಕಾಯುವವನ ಸರಾಸರಿ ಪಾಡು 20 ನಿಮಿಷ. ಅದೇ 90 ಪಾಲಾದರೆ 45 ನಿಮಿಷ. ಉತ್ತರಿಸುವವರು ಹಲವರಿದ್ದರೆ ಕಾಯುವಿಕೆ ಇದಕ್ಕಿಂತ ಕಡಿಮೆಯಾದೀತು, ಆದರೆ ಏರುವ ಕ್ರಮ ಇಂಥದೇ. ಆಳುಗಳ ವಿರಾಮವನ್ನು ಸ್ವಲ್ಪ ಹಿಂಡಿದರೆ ಸಾಕು, ಸರದಿ ಇಮ್ಮಡಿಯಾಗುತ್ತದೆ.

ಇದರ ತಾತ್ಪರ್ಯವೇನು? ದಿನದಿನವೂ ಉಂಟಾಗುವ ದೀರ್ಘ ಕಾಯುವಿಕೆಯು ಮಳೆಗಾಳಿಯಂತೆ ತಾನಾಗಿ ಬಂದುದಲ್ಲ. ಎಷ್ಟು ಜನರಿಗೆ ಸಂಬಳ ಕೊಡಬೇಕೆಂದು ಒಬ್ಬರು ಮಾಡಿದ ನಿರ್ಣಯದ ಫಲವದು. ಅಮೆರಿಕದಲ್ಲಿ 1993ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮವೊಂದು, ಸಾಮಾನ್ಯ ಪರಿಸ್ಥಿತಿಯಲ್ಲಿ ಕೇಬಲ್ ಕಂಪನಿಗಳು ನೂರಕ್ಕೆ 90ರಷ್ಟು ಸಲವಾದರೂ 30 ಸೆಕೆಂಡುಗಳೊಳಗೆ ಗ್ರಾಹಕನಿಗೆ ಉತ್ತರಿಸಬೇಕೆಂದು ವಿಧಿಸಿತು. ಮನಸ್ಸಿದ್ದರೆ ಸಾಧ್ಯವೆಂದು ಬಗೆದೇ ಹಾಗೆ ವಿಧಿಸಿರಬೇಕಲ್ಲವೇ? ಅಮೂಲ್ಯವೆಂದು ಬಾಯಲ್ಲಿ ಹೇಳಿ ಮುಹೂರ್ತಕಾಲ ನಿಲ್ಲಿಸುವಲ್ಲಿ ಲೋಭವೂ ಇದೆ, ಮಾಯೆಯೂ ಇದೆ.

ಆದರೆ ಆ ನಿರ್ಣಯ ಮಾಡಿದವನು ದೂರವಾಣಿಯಲ್ಲಿ ಸಿಗುವುದಿಲ್ಲ. ಸಿಗುವವಳು ಆ ನಿರ್ಣಯದ ಭಾರವನ್ನು ನಮಗಿಂತ ಹೆಚ್ಚಾಗಿ ಹೊತ್ತವಳು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದೆಂದು ತತ್ತ್ವಾರ್ಥಸೂತ್ರದಲ್ಲಿ ಓದುತ್ತೇವೆ. ಎತ್ತು ಕತ್ತೆಗಳ ಮೇಲೆ ಮಿತಿಮೀರಿ ಹೇರಬಾರದೆಂದು ಅದಕ್ಕೆ ಅರ್ಥ ಹೇಳುವುದು ವಾಡಿಕೆ. ಹತ್ತು ಮಂದಿಯ ಕರೆಗಳನ್ನು ಒಬ್ಬಳ ಕಿವಿಗೆ ಹೇರುವುದು ಬೇರೆಯೇ? ಇಪ್ಪತ್ತೆರಡು ಪರೀಷಹಗಳಲ್ಲಿ ಆಕ್ರೋಶ ಪರೀಷಹವನ್ನು, ಎಂದರೆ ಪರರ ಬಿರುನುಡಿಯನ್ನು, ಮುನಿಗಳು ಕರ್ಮನಿರ್ಜರೆಗಾಗಿ ಸಹಿಸುತ್ತಾರೆ. ಆ ಹುಡುಗಿ ಅದನ್ನು ದಿನವಿಡೀ ಹೊಟ್ಟೆಪಾಡಿಗಾಗಿ ಸಹಿಸುತ್ತಾಳೆ. ಅವಳ ಮೇಲೆ ಹೇರಿದ ಹೊರೆಯ ಮೇಲೆ ನಾನೂ ಒಂದು ಕಲ್ಲಿಟ್ಟೆನು. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಕಾರಿತದ ದೋಷ ಕಂಪನಿಯ ಧಣಿಗಳದಾದರೆ, ಕೃತದ ದೋಷ ಅಂದು ನನ್ನದಾಯಿತು. ಎಲ್ಲಕ್ಕಿಂತ ಅಗ್ಗದ ಕಂಪನಿಯನ್ನೇ ಹುಡುಕಿ ಆರಿಸಿದವನು ನಾನಾದುದರಿಂದ ಅನುಮತದಲ್ಲಿಯೂ ನನಗೆ ಪಾಲಿದೆ.

ಇನ್ನೊಂದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕು. ವಿದ್ಯಾಧಿಕಾರಿಗಳ ಕಛೇರಿಯಲ್ಲಿ ಪಿಂಚಣಿಯ ಕಾಗದಕ್ಕಾಗಿ ನಾನು ದಿನಗಟ್ಟಲೆ ಬೆಂಚಿನ ಮೇಲೆ ಕಾದವನು. ಅಲ್ಲಿ ಒಂದು ಬಿರುನುಡಿಯನ್ನೂ ಆಡಲಿಲ್ಲ. ಬಲಶಾಲಿಯ ಮುಂದೆ ತಾಳ್ಮೆ, ಮರುನುಡಿಯಲಾರದವಳ ಮುಂದೆ ಸಿಟ್ಟು ಎಂದಾದರೆ ಮೊದಲನೆಯದು ಕ್ಷಮೆಯಲ್ಲ, ಎರಡನೆಯದು ನ್ಯಾಯವೂ ಅಲ್ಲ. ತಿರುಗಿ ನುಡಿಯಲಾರದವರ ಎದುರಿನಲ್ಲಿಯೇ ಕ್ಷಮೆಯ ಪರೀಕ್ಷೆ ನಡೆಯುವುದು.

ಕ್ಷಮೆಯೆಂದರೆ ಅನ್ಯಾಯವನ್ನು ಕಂಡು ಸುಮ್ಮನಿರುವುದೆಂದು ಯಾರೂ ತಿಳಿಯಬಾರದು. ಗೃಹಸ್ಥನಿಗೆ ವ್ಯವಹಾರವುಂಟು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಿದೆ; 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ದಿನಾಂಕ, ವೇಳೆ, ಕಾದ ನಿಮಿಷಗಳನ್ನು ನಮೂದಿಸಿ ಕಂಪನಿಯ ಮೇಲಧಿಕಾರಿಗಳಿಗೆ ನಾನು ಪತ್ರ ಬರೆದೆನು. ಆ ಹುಡುಗಿಯ ಕುರಿತು ದೂರಲಿಲ್ಲ. ಜನರನ್ನು ಹೆಚ್ಚಿಸಿರೆಂದು ಕೇಳಿದೆನು. ಬರೆಯುವಾಗ ಕೈ ನಡುಗಲಿಲ್ಲ. ಹೇಳಬೇಕಾದುದನ್ನು ಹೇಳಬೇಕಾದವರಿಗೆ ಹೇಳುವುದಕ್ಕೆ ಕ್ರೋಧದ ಸಹಾಯ ಬೇಕಿಲ್ಲವೆಂಬುದು ಆಗ ಅನುಭವಕ್ಕೆ ಬಂದಿತು.

ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ ಎಂದು ಕ್ರೋಧದ ನಾಲ್ಕು ತರಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅದನ್ನೂ ಮೀರಿದುದು ಅನಂತಾನುಬಂಧಿ ಎಂದು ಗೊಮ್ಮಟಸಾರದ ಕರ್ಮಕಾಂಡವು ಅಳತೆ ಕೊಟ್ಟಿದೆ. ಪರದೆಯ ಮೇಲೆ ಚಿತ್ರವು ಮರುದಿನವೇ ಬಂದಿತು. ನಾನಾದರೋ ಬಸದಿಯ ಜಗಲಿಯಲ್ಲಿ, ಮದುವೆಯ ಮನೆಗಳಲ್ಲಿ, ಆ 48 ನಿಮಿಷಗಳ ಕಥೆಯನ್ನು ದೀಪಾವಳಿಯವರೆಗೂ ಹೇಳುತ್ತ ಬಂದೆನು. ಪಕ್ಷದ ಗಡಿ ಎಂದೋ ದಾಟಿತ್ತು. ಮುಹೂರ್ತದ ಕಾಯುವಿಕೆಯನ್ನು ಕಂಪನಿ ಕೊಟ್ಟಿತು. ಎರಡು ತಿಂಗಳ ಉರಿಯನ್ನು ನನಗೆ ನಾನೇ ಕೊಟ್ಟುಕೊಂಡೆನು.

ಪರ್ವದ ಕೊನೆಗೆ, ಕ್ಷಮಾವಾಣಿಯ ದಿನ, ಬಂಧುಗಳಿಗೂ ನೆರೆಹೊರೆಯವರಿಗೂ ಕೈಮುಗಿದು ಕ್ಷಮೆ ಬೇಡಿದೆನು. ಅವರಲ್ಲಿ ಹೆಚ್ಚಿನವರಿಗೆ ನಾನು ಆ ವರ್ಷ ಯಾವ ನೋವನ್ನೂ ಕೊಟ್ಟಿರಲಿಲ್ಲ. ನೋವು ಕೊಟ್ಟವಳ ಹೆಸರೂ ನನಗೆ ತಿಳಿಯದು. ಮತ್ತೆ ಅದೇ ಸಂಖ್ಯೆಗೆ ಕರೆ ಮಾಡಿ ಕಾದೆನು. ಬೇರೊಬ್ಬ ಯುವಕನು ಮಾತನಾಡಿ, ಇಂಥವರೇ ಬೇಕೆಂದರೆ ಕೊಡಿಸಲಾಗದು ಸರ್ ಎಂದನು. ಕೆಲವು ಮಾತುಗಳಿಗೆ ಪ್ರತಿಕ್ರಮಣವುಂಟು, ಕ್ಷಮೆ ಪಡೆಯುವ ದಾರಿ ಮಾತ್ರ ಇಲ್ಲವೆಂದು ಅಂದು ತಿಳಿದೆನು.

ಬರುವ ಪರ್ವಕ್ಕೆ ನಾನೊಂದು ಸಣ್ಣ ನಿಯಮ ತೆಗೆದುಕೊಂಡಿದ್ದೇನೆ. ದೂರವಾಣಿಯ ಸರದಿಯಲ್ಲಿ ಕಾಯಬೇಕಾದಾಗ ಪಂಚನಮಸ್ಕಾರದ ಜಪ ಮಾಡುವುದು. ಆ ಕಡೆಯಿಂದ ಧ್ವನಿ ಬಂದೊಡನೆ, ನನ್ನ ದೂರಿಗಿಂತ ಮೊದಲು, ಅವರಿಗೆ ನಮಸ್ಕಾರ ಹೇಳುವುದು. ಉಪವಾಸ ಮಾಡಲಾಗದ ವೃದ್ಧರೂ ರೋಗಿಗಳೂ ಪಾಲಿಸಬಹುದಾದ ನಿಯಮವಿದು. ಸಹಧರ್ಮಿಗಳು ವಿಚಾರಿಸಿ, ಉಚಿತವೆಂದು ತೋರಿದರೆ ಸ್ವೀಕರಿಸಬೇಕಾಗಿ ವಿನಂತಿ.