ಹತ್ತು ನಿಮಿಷದ ಉಂಡಿ

ಶ್ರಾವಣ ಬಂತೆಂದರೆ ಮೊಬೈಲಿನ ತುಂಬ ಅಡುಗೆಯವರದೇ ಕಾರುಬಾರು. ‘ರಕ್ಷಾಬಂಧನಕ್ಕೆ ಹತ್ತೇ ನಿಮಿಷದ ಸಿಹಿ’, ‘ಒಲೆ ಹಚ್ಚದೆ ಲಾಡು’, ‘ಬ್ರೆಡ್ಡಿನ ರಸಮಲಾಯಿ’. ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಒಡಹುಟ್ಟಿದವನಿಗೆ ಒಂದು ಸಿಹಿ ಮಾಡೋಕೂ ಪುರುಸೊತ್ತಿಲ್ಲ ಅಂದರೆ ಅದೆಂಥ ಪ್ರೀತಿ ಅಂತ ಅವರ ತಕರಾರು. ತಳ್ಳಿಹಾಕುವಂಥ ಮಾತಲ್ಲ ಇದು. ಪ್ರೀತಿಯನ್ನು ಅದಕ್ಕಾಗಿ ಪಟ್ಟ ಕಷ್ಟದಿಂದ ಅಳೆಯಬಹುದೇ ಅನ್ನೋ ಪ್ರಶ್ನೆ ಇದರೊಳಗಿದೆ.

ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ಅಣ್ಣ-ತಂಗಿಯರ ಹಬ್ಬ ಅಂದರೆ ಮೊದಲು ನಾಗರ ಪಂಚಮಿ. ಮದುವೆಯಾದ ಹೆಣ್ಣುಮಕ್ಕಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರಕೊಂಡು ಬರಬೇಕು, ಜೋಕಾಲಿ ಕಟ್ಟಬೇಕು, ಮನೆಯಲ್ಲಿ ಡಬ್ಬಿಗಟ್ಟಲೆ ಉಂಡಿ ಇರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು. ಅದಾಗಿ ಹತ್ತು ದಿನಕ್ಕೆ ನೂಲ ಹುಣ್ಣಿಮೆ. ಆ ಹುಣ್ಣಿಮೆಗೆ ರಾಖಿ ಕಟ್ಟುವುದು ನಮ್ಮ ಮನೆಗೆ ಬಂದದ್ದು ತೀರ ಈಚೆಗೆ.

ಪಂಚಮಿಯ ಉಂಡಿಗೆ ಕೆಲಸ ಬಹಳ. ಶೇಂಗಾ ಹುರಿಯಬೇಕು, ಸಿಪ್ಪೆ ತಿಕ್ಕಬೇಕು, ಮೊರದಲ್ಲಿ ಕೇರಬೇಕು, ಕುಟ್ಟಬೇಕು, ಬೆಲ್ಲ ಕೂಡಿಸಿ ಕಟ್ಟಬೇಕು. ಇದೆಲ್ಲ ತಾಯಿಯ ಪ್ರೀತಿ ಅನ್ನುತ್ತೇವೆ. ಪ್ರೀತಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಕಷ್ಟಕ್ಕೆ ಇನ್ನೊಂದು ಕಾರಣವೂ ಇತ್ತು. ಉಂಡಿ ಕೆಡಬಾರದಿತ್ತು. ಮಗಳು ಗಂಡನ ಮನೆಗೆ ಮರಳುವಾಗ ಕಟ್ಟಿ ಕಳಿಸಬೇಕು, ಅಲ್ಲಿನ ಓಣಿಗೆಲ್ಲ ಅದನ್ನು ಹಂಚಬೇಕು. ಹಸಿ ಹೋಗುವಂತೆ ಹುರಿದು ಬೆಲ್ಲ ಬೆರೆಸಿದರೆ ವಾರಗಟ್ಟಲೆ ಇರುತ್ತದೆ. ಫ್ರಿಜ್ಜಿಲ್ಲದ ಕಾಲದ ಜಾಣತನ ಅದು.

ಈಗ ಹತ್ತು ನಿಮಿಷದ್ದನ್ನು ನೋಡಿ. ಎರಡು ಕಪ್ ಒಣಕೊಬ್ಬರಿ ಪುಡಿ, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಚಿಟಿಕೆ ಏಲಕ್ಕಿ. ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸಿ, ಅಂಗೈಗೆ ತುಪ್ಪ ಸವರಿ ಉಂಡಿ ಕಟ್ಟಿದರೆ ಮುಗಿಯಿತು. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇದ್ದೀತು. ಸಂಜೆ ಬಸ್ಸಿಗೆ ಬಂದು ಬೆಳಿಗ್ಗೆ ಹೋಗುವ ತಮ್ಮನಿಗೆ ಅಷ್ಟು ಸಾಕಲ್ಲವೇ? ಒಂದು ಲೀಟರ್ ಹಾಲಿನಿಂದ 200 ಗ್ರಾಂನಷ್ಟು ಖೋವಾ ತೆಗೆಯಲು ಒಲೆ ಮುಂದೆ ಹತ್ತಿರ ಹತ್ತಿರ ಒಂದು ತಾಸು ನಿಲ್ಲಬೇಕು. ಆ ತಾಸನ್ನು ಯಾವುದೋ ಕಾರ್ಖಾನೆ ನಮ್ಮ ಬದಲು ಕಳೆದಿದೆ. ಅಮೆರಿಕದ ಗೇಲ್ ಬೋರ್ಡನ್ ಹಾಲನ್ನು ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1856ರಲ್ಲಿ. ಒರಳು ಹೋಗಿ ಮಿಕ್ಸರ್ ಬಂದಾಗ ಚಟ್ನಿಯಲ್ಲಿ ಪ್ರೀತಿ ಕಡಿಮೆಯಾಯಿತು ಅಂತ ಯಾರೂ ಊಟ ಬಿಟ್ಟು ಎದ್ದಿಲ್ಲ.

ಇನ್ನೊಂದು ಮಾತು. ‘ಇಷ್ಟೂ ಪುರುಸೊತ್ತಿಲ್ಲವೇ’ ಅನ್ನೋ ಪ್ರಶ್ನೆ ಅಕ್ಕ-ತಂಗಿಯರಿಗೆ ಮಾತ್ರ ಯಾಕೆ? ಜೇಬಿನಿಂದ ಕವರು ತೆಗೆದು ಕೊಡುವ ಅಣ್ಣನಿಗೆ ಇದಕ್ಕೆ ಎಷ್ಟು ಹೊತ್ತು ಹಿಡಿಯಿತಪ್ಪಾ ಅಂತ ಯಾರಾದರೂ ಕೇಳಿದ್ದಾರಾ? ಯಮದ್ವಿತೀಯದ ಕಥೆಯಲ್ಲೂ ಅಷ್ಟೇ. ಯಮ ಯಮುನೆಯ ಮನೆಗೆ ಬರುತ್ತಾನೆ, ಉಂಡು ಸಂತೋಷಪಟ್ಟು ವರ ಕೊಡುತ್ತಾನೆ. ಅಡುಗೆ ಅವಳದು, ವರ ಅವನದು.

ಹಾಗಂತ ಮೂಗು ಮುರಿಯುವವರ ಮಾತು ಪೂರ್ತಿ ಸುಳ್ಳಲ್ಲ. ಪಂಚಮಿಯ ಹಿಂದಿನ ದಿನಗಳಲ್ಲಿ ಒಂದು ಪರಾತದ ಸುತ್ತ ಅವ್ವ, ಚಿಗವ್ವ, ಪಕ್ಕದ ಮನೆಯವರು ಕೂತು ಉಂಡಿ ಕಟ್ಟುತ್ತಿದ್ದರು. ಬೇರೆಲ್ಲೂ ಆಡಲಾಗದ ಮಾತು ಅಲ್ಲಿ ಬರುತ್ತಿತ್ತು. ಹತ್ತು ನಿಮಿಷದ ಸಿಹಿ ಒಬ್ಬಳೇ ನಿಂತು ಮಾಡಿದರೆ ಮಾತು ಶುರುವಾಗುವ ಮುಂಚೆಯೇ ಮುಗಿಯುತ್ತದೆ. ಉಳಿದ ಹೊತ್ತು ಮತ್ತೆ ಮೊಬೈಲಿಗೇ ಹೋದರೆ, ಕಳಕೊಂಡದ್ದು ರುಚಿಗಿಂತ ದೊಡ್ಡದು.

ಆದರೆ ಪಾಕದ ಹದ ವರ್ಷಗಟ್ಟಲೆ ಕೈಪಳಗಿ ಬರುವಂಥದ್ದು. ‘ನನಗ ಬರೂದಿಲ್ಲ’ ಅಂತ ಗಂಡಸರು ಪಾರಾಗುತ್ತಿದ್ದರು. ಕೊಬ್ಬರಿ ಉಂಡಿಗೆ ಆ ನೆಪ ನಡೆಯುವುದಿಲ್ಲ. ಹೋದ ವರ್ಷ ತಮ್ಮನ ಕೈಗೇ ಸೌಟು ಕೊಟ್ಟೆ. ‘ತಳ ಹತ್ತಬಾರದು ನೋಡು’ ಅಂದೆ. ಒಂದು ಉಂಡಿ ಲಿಂಬೆಹಣ್ಣಿನಷ್ಟು, ಇನ್ನೊಂದು ಅಡಕೆಯಷ್ಟು ಬಂದವು. ಕೈಯಾಡಿಸುತ್ತ, ನನ್ನ ಮುಖ ನೋಡದೆ ಅಂದ: ‘ಅಕ್ಕಾ, ಅವ್ವನ್ನ ಊರಾಗ ಒಬ್ಬಾಕಿನ್ನ ಬಿಡೂದು ಇನ್ನ ಬ್ಯಾಡ ಅನಸ್ತದ.’ ಫೋನಿನಲ್ಲಿ ತಿಂಗಳುಗಟ್ಟಲೆ ಇಬ್ಬರೂ ದಾಟಿಸಿಕೊಂಡು ಬಂದ ಮಾತು ಅದು. ಯಾರ ಮನೆಯಲ್ಲಿ ಎಷ್ಟು ತಿಂಗಳು, ಔಷಧಿಗೆ ಯಾರು, ಅವ್ವನಿಗೆ ಕೇಳೋದು ಹೇಗೆ ಅಂತ ಅಲ್ಲೇ ನಿಂತು ಮಾತಾಡಿದೆವು. ನಾನು ಬಡಿಸಿ ಅವನು ಉಣ್ಣುತ್ತ ಕೂತಿದ್ದರೆ ಅದು ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಕಷ್ಟದಿಂದ ಪ್ರೀತಿಯನ್ನು ಅಳೆಯಲು ಹೊರಟರೆ ಒಬ್ಬರು ದುಡಿಯುತ್ತಲೇ ಇರಬೇಕಾಗುತ್ತದೆ, ಇನ್ನೊಬ್ಬರು ಮೆಚ್ಚುತ್ತ ಕೂತಿರುತ್ತಾರೆ. ಅಳೆಯಲೇಬೇಕು ಅಂದರೆ ಕೆಲಸ ಹೇಗೆ ಹಂಚಿಕೆಯಾಯಿತು ಅನ್ನೋದನ್ನ ಅಳೆಯೋಣ. ಈ ಸಲದ ಸಿಹಿ ಹತ್ತು ನಿಮಿಷದ್ದೇ ಇರಲಿ. ಒಲೆಯ ಮುಂದೆ ಇಬ್ಬರು ನಿಂತಿರಲಿ.