ಮಠವು ಶಾಸನಸಭೆಯಾದಾಗ

ಧರ್ಮಕ್ಕೆಂದು ಕಟ್ಟಿದ ಕಟ್ಟಡವು ಲೌಕಿಕ ಕಾರ್ಯಕ್ಕೆ ಸಂದರೆ ದೋಷವೇ? ಬಸದಿಗಳ ಆಸ್ತಿಯನ್ನು ನೋಡಿಕೊಳ್ಳುವ ನಮ್ಮ ಟ್ರಸ್ಟುಗಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸ್ಪೇನ್ ದೇಶದ ಒಂದು ನಿದರ್ಶನವನ್ನು ಇಲ್ಲಿ ವಿಚಾರಿಸೋಣ.

ಉತ್ತರ ಸ್ಪೇನಿನ ಎಬ್ರೋ ನದೀತೀರದ ಲೊಗ್ರೋನ್ಯೊ ನಗರದಲ್ಲಿ ಲಾ ಮೆರ್ಸೆದ್ ಎಂಬ ಪುರಾತನ ಮಠವಿದೆ. ಪೇದ್ರೊ ನೊಲಾಸ್ಕೊ ಎಂಬಾತನು 1218ರಲ್ಲಿ ಬಾರ್ಸಿಲೋನಾದಲ್ಲಿ ಸ್ಥಾಪಿಸಿದ ಕ್ರೈಸ್ತ ಸಂನ್ಯಾಸಿ ಸಂಘಕ್ಕೆ ಅದು ಸೇರಿತ್ತು. ಸೆರೆಸಿಕ್ಕ ಕ್ರೈಸ್ತರನ್ನು ಹಣ ತೆತ್ತು ಬಿಡಿಸುವುದು ಆ ಸಂಘದ ಮುಖ್ಯ ಕಾರ್ಯ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳಲ್ಲದೆ ಅವರಿಗೆ ನಾಲ್ಕನೆಯದೊಂದಿತ್ತು: ಅಗತ್ಯಬಿದ್ದರೆ ಸೆರೆಯಾಳಿನ ಸ್ಥಾನದಲ್ಲಿ ತಾವೇ ಒತ್ತೆಯಾಗಿ ನಿಲ್ಲುವುದು. ಅಭಯದಾನವನ್ನು ಬಲ್ಲ ಶ್ರಾವಕರಿಗೆ ಇದರ ಹಿರಿಮೆಯನ್ನು ವಿವರಿಸಬೇಕಾಗಿಲ್ಲ.

1836ರಲ್ಲಿ ಮಂತ್ರಿ ಮೆಂದಿಸಾಬಲ್, ಸರಕಾರದ ಸಾಲ ತೀರಿಸಲೆಂದು ದೇಶದ ಮಠಗಳ ಆಸ್ತಿಯನ್ನು ಹರಾಜಿಗೆ ಹಾಕಿಸಿದನು. ಸಂನ್ಯಾಸಿಗಳಿಲ್ಲದ ಈ ಮಠವು ಆ ಶತಮಾನದ ಕೊನೆಗೆ ತಂಬಾಕಿನ ಕಾರ್ಖಾನೆಯಾಯಿತು. ಅದರ ಇಟ್ಟಿಗೆಯ ಚಿಮಣಿ ಇಂದಿಗೂ ನಿಂತಿದೆ. 1982ರಲ್ಲಿ ಲಾ ರಿಯೋಹಾ ಪ್ರಾಂತವು ಸ್ವಾಯತ್ತವಾಯಿತು. 1988ರಿಂದ ಅದರ ಶಾಸನಸಭೆಯು ಇದೇ ಕಟ್ಟಡದಲ್ಲಿ ಸೇರುತ್ತಿದೆ. ಸದಸ್ಯರು 33.

ಶಾಸನಸಭೆಯ ವಿಷಯದಲ್ಲಿ ನನಗೆ ಹೆಚ್ಚಿನ ದೋಷ ಕಾಣುವುದಿಲ್ಲ. ಪ್ರಜೆಗಳ ಕಷ್ಟಸುಖಗಳ ಚರ್ಚೆ (ಗದ್ದಲವೂ ಉಂಟು, ಆ ಮಾತು ಬೇರೆ) ಸೆರೆ ಬಿಡಿಸಿದವರ ಸಂಕಲ್ಪಕ್ಕೆ ವಿರುದ್ಧವಲ್ಲ. ಆದರೆ ಕೊಡದುದನ್ನು ತೆಗೆದುಕೊಂಡದ್ದು ಅದತ್ತಾದಾನವೇ ಸರಿ. ನೂರೈವತ್ತು ವರ್ಷಗಳ ಅನಂತರದ ಸದ್ವಿನಿಯೋಗದಿಂದ ಅದು ತೊಳೆದುಹೋಗದು. ಇನ್ನು ತಂಬಾಕು! ಬಂಧನ ಬಿಡಿಸಿದವರ ಮನೆಯಲ್ಲಿಯೇ ವ್ಯಸನವೆಂಬ ಬಂಧನವನ್ನು ತಯಾರಿಸಿ ಮಾರಿದಂತಾಯಿತು.

ಇಷ್ಟು ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ನಾನು ಕೋಶಾಧಿಕಾರಿಯಾಗಿದ್ದಾಗ, ಯಾತ್ರಿಕರಿಗೆಂದು ಶ್ರಾವಿಕೆಯೊಬ್ಬರು ದಾನವಿತ್ತ ಧರ್ಮಶಾಲೆಯನ್ನು ನಮ್ಮ ಟ್ರಸ್ಟು ತಂಬಾಕಿನ ಗೋದಾಮಿಗೆ ಬಾಡಿಗೆಗೆ ಕೊಟ್ಟಿತು. ಯಾತ್ರಿಕರು ಬರುವುದು ನಿಂತಿತ್ತು, ಮಾಳಿಗೆ ಸೋರುತ್ತಿತ್ತು. ಜಮಾಖರ್ಚಿನಲ್ಲಿ ಒಂದು ಪೈಸೆಯ ತಪ್ಪಿಲ್ಲ. ಇಂದಿಗೂ ಆ ಹಣದಿಂದಲೇ ನಿತ್ಯಪೂಜೆ ಸಾಗುತ್ತಿದೆ. ಯಾವ ಮಂತ್ರಿಯೂ ನಮ್ಮಿಂದ ಕಸಿದುಕೊಳ್ಳಲಿಲ್ಲ. ಕರಾರಿಗೆ ಸಹಿ ಹಾಕಿದವನು ನಾನು.

ಬರುವ ಚೈತ್ರಕ್ಕೆ ಅದರ ಅವಧಿ ಮುಗಿಯುತ್ತದೆ. ನವೀಕರಿಸಬಾರದೆಂದು ಟ್ರಸ್ಟಿಗೆ ಪತ್ರ ಬರೆದೆನು. ಪೂಜೆಯ ವೆಚ್ಚಕ್ಕೆ ದಾರಿಯೇನೆಂದು ಅವರು ಕೇಳಿದರು. ಒಂದು ವರ್ಷದ ಬಾಡಿಗೆಯಷ್ಟನ್ನು ನಾನೇ ತುಂಬಿಕೊಡುವೆನೆಂದು ತಿಳಿಸಿದ್ದೇನೆ. ಮುಂದಿನ ವರ್ಷಗಳ ಮಾತಿಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.