ಮುಳುಗದ ಸಂಕೋಲೆ



ಬಾಬೆಲೆಂಬ ಮಹಾನಗರಿಯು ನಾಶವಾದಾಗ ಅದರ ವರ್ತಕರು ಗೋಳಾಡಿದರೆಂದು ಯೋಹಾನನು ಪ್ರಕಟನೆಯ 18ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಅವರ ಸರಕಿನ ಪಟ್ಟಿಯು ಬಂಗಾರದಿಂದ ತೊಡಗಿ ಎಣ್ಣೆ, ಗೋದಿ, ಕುರಿ, ಕುದುರೆಗಳನ್ನು ದಾಟಿ ಕಟ್ಟಕಡೆಗೆ ಮನುಷ್ಯರ ಪ್ರಾಣಗಳಿಗೆ ಬಂದು ನಿಲ್ಲುವದು. ಕುದುರೆಯ ಹಿಂದೆ ಮನುಷ್ಯನು! ಈ ಮಾತಿನ ಅರ್ಥವನ್ನು ಇಂಗ್ಲೆಂಡಿನ ಒಂದು ಚಿತ್ರಪಟವು ಚೆನ್ನಾಗಿ ತೋರಿಸುತ್ತದೆ.

ಟರ್ನರ್ ಎಂಬ ಚಿತ್ರಕಾರನು 1840ರಲ್ಲಿ ಅದನ್ನು ಲಂಡನ್ನಿನಲ್ಲಿ ಜನರ ಮುಂದಿಟ್ಟನು. ಈಗ ಅದು ಅಮೇರಿಕಾ ದೇಶದ ಬೋಸ್ಟನ್ ಪಟ್ಟಣದಲ್ಲಿದೆ. ಎತ್ತರ ಮೂರಡಿ, ಅಗಲ ನಾಲ್ಕಡಿ, ಅಷ್ಟೇ. ದೂರದಿಂದ ನೋಡುವವನಿಗೆ ಸೂರ್ಯಾಸ್ತಮಾನವೇ ಕಾಣುವದು. ಆಕಾಶವೂ ಸಮುದ್ರವೂ ಕೆಂಪಾಗಿ ಉರಿಯುತ್ತವೆ. ಎಡಗಡೆ ಒಂದು ಹಡಗು ತೆರೆಗಳಲ್ಲಿ ಹೊಯ್ದಾಡುತ್ತದೆ. ಎಂಥ ಅಂದವೆಂದು ಹತ್ತಿರ ಹೋದರೆ, ನೀರಿನೊಳಗಿಂದ ಎತ್ತಿದ ಕೈಗಳು! ಬಲಗಡೆ ಸಂಕೋಲೆ ತೊಡಿಸಿದ ಒಂದು ಕರಿಯ ಕಾಲು, ಅದನ್ನು ಮುತ್ತಿದ ಮೀನುಗಳು, ಹಕ್ಕಿಗಳು. ಬಿರುಗಾಳಿಯು ಸಮೀಪಿಸಲು ಗುಲಾಮರ ವರ್ತಕರು ಸತ್ತವರನ್ನೂ ಸಾಯುವವರನ್ನೂ ಹೊರಗೆ ಎಸೆದಿದ್ದಾರೆ.

ಇದು ಬರೀ ಕಲ್ಪನೆಯಲ್ಲ. 1781ರಲ್ಲಿ ಜಾಂಗ್ ಎಂಬ ಹಡಗು 442 ಮಂದಿ ಆಫ್ರಿಕದವರನ್ನು ತುಂಬಿಕೊಂಡು ಜಮೈಕಾ ದ್ವೀಪಕ್ಕೆ ಹೊರಟಿತು. ದಾರಿಯಲ್ಲಿ ರೋಗವು ಹಬ್ಬಿತು. ಗುಲಾಮನು ರೋಗದಿಂದ ಸತ್ತರೆ ನಷ್ಟವು ಒಡೆಯನದು. ಉಳಿದವರನ್ನು ಕಾಪಾಡುವದಕ್ಕಾಗಿ ನೀರಿಗೆ ಹಾಕಿದರೆ ವಿಮೆಯವರು ಹಣ ತೆರಬೇಕು. ಆದಕಾರಣ ಕುಡಿಯುವ ನೀರು ಸಾಲದೆಂಬ ನೆವ ಹೇಳಿ ಸುಮಾರು 130 ಮಂದಿಯನ್ನು ಜೀವಸಹಿತ ಸಮುದ್ರಕ್ಕೆ ನೂಕಿದರು. ನಡುವೆ ಮಳೆ ಸುರಿದರೂ ನೂಕುವದು ನಿಲ್ಲಲಿಲ್ಲ. ತಲೆಗೆ 30 ಪೌಂಡು ಕೇಳಿದರು. 1783ರಲ್ಲಿ ನ್ಯಾಯಸ್ಥಾನದಲ್ಲಿ ನಡೆದದ್ದು ಹಣದ ವ್ಯಾಜ್ಯ. ಕೊಲೆಗಾಗಿ ಒಬ್ಬನಿಗೂ ವಿಚಾರಣೆಯಾಗಲಿಲ್ಲ. ಕುದುರೆಗಳನ್ನು ಎಸೆದ ಹಾಗೆಯೇ ಇದೂ ಎಂಬ ಹೋಲಿಕೆಯು ನ್ಯಾಯಾಧಿಪತಿಯ ಬಾಯಿಂದಲೇ ಬಂತು. ಇದೆಲ್ಲಾ ಕ್ರೈಸ್ತರೆನಿಸಿಕೊಂಡವರ ದೇಶದಲ್ಲಿ ನಡೆಯಿತು. ಅದನ್ನು ಮುಚ್ಚಿಡುವದು ನನಗೆ ಸರಿಕಾಣುವದಿಲ್ಲ. ಈ ಸುದ್ದಿಯನ್ನು ಹೊರಗೆ ತಂದವರಲ್ಲಿಯೂ ಒಬ್ಬನು ಕ್ರೈಸ್ತನೇ. ಬಿಡುಗಡೆ ಹೊಂದಿದ ಗುಲಾಮನಾದ ಎಕ್ವಿಯಾನೋ ಎಂಬವನು ಅದನ್ನು ಗ್ರಾನ್‌ವಿಲ್ ಶಾರ್ಪನಿಗೆ ತಿಳಿಸಿದನು.

ಪ್ರಿಯರೇ, ಭೂಮಿಯೊಂದಿಗೆ ಕೈಬದಲಾದ ಮೂಲದಾಳುಗಳು ನಮ್ಮ ಕನ್ನಡ ಜಿಲ್ಲೆಯಲ್ಲಿಯೂ ಇದ್ದರು. ಅಂಥವರ ಮಕ್ಕಳಲ್ಲಿ ಈಗ ನಾಲ್ಕು ಮುಡಿ ಗದ್ದೆಯುಳ್ಳವರಾದರೂ ಇದ್ದಾರಲ್ಲಾ. ಕೂಲಿಯಾಳು ಜ್ವರದಿಂದ ಮಲಗಿದಾಗ ನಮ್ಮ ಬಾಯಿಂದ ಮೊದಲು ಬರುವ ಮಾತೇನು? ಅವನು ಹೇಗಿದ್ದಾನೆಂದೋ, ನಾಟಿ ಕೆಟ್ಟಿತೆಂದೋ?

ಇನ್ನೊಂದು ಸಂಗತಿಯುಂಟು. ಆ ಚಿತ್ರದಲ್ಲಿ ಸಂಕೋಲೆಗಳು ನೀರಿನ ಮೇಲೆ ತೇಲುತ್ತವೆ. ಕಬ್ಬಿಣವು ತೇಲುವದುಂಟೇ ಎಂದು ಕೆಲವರು ನಕ್ಕರು. ನಗುವವರು ನಗಲಿ. ಯೊರ್ದನಿನಲ್ಲಿ ಬಿದ್ದ ಕೊಡಲಿಯು ಎಲೀಷನ ಕಾಲದಲ್ಲಿ ತೇಲಿತು. ಯಾಕಂದರೆ ಅದು ಕೇಳಿ ತಂದದ್ದು, ಅದಕ್ಕೆ ಒಡೆಯನೊಬ್ಬನಿದ್ದನು. ಸಮುದ್ರಕ್ಕೆ ನೂಕಲ್ಪಟ್ಟ ಇವರಿಗೂ ಒಬ್ಬ ಒಡೆಯನಿದ್ದಾನೆ. ಸಮುದ್ರವು ತನ್ನಲ್ಲಿರುವ ಸತ್ತವರನ್ನು ಒಪ್ಪಿಸುವ ದಿನವನ್ನು ಯೋಹಾನನು 20ನೆಯ ಅಧ್ಯಾಯದಲ್ಲಿ ಕಂಡನು. ಹಡಗಿನ ಲೆಕ್ಕದಲ್ಲಿ ಬರೀ ಅಂಕೆಗಳಾಗಿದ್ದವರು ಆ ದಿನ ಹೆಸರು ಹಿಡಿದು ಕರೆಯಲ್ಪಡುವರು.